ಪರದೆಯ ಮೇಲೆ ರಾಗಿ

ಟೀವಿ ಮಾರಲಿಕ್ಕೆಂದೇ ಪಾಲಯ್ಯ ತಂತಿ ಎಳೆದದ್ದು.
ಅದಕ್ಕೆ ಮುಂಚೆ ಎರಡು ವರ್ಷ
ಜೋಗಿಮಟ್ಟಿ ರಸ್ತೆಯ ಏಕನಾಥೇಶ್ವರಿ ಎಲೆಕ್ಟ್ರಾನಿಕ್ಸಿನಲ್ಲಿ
ಏಳು ಸೆಟ್ಟು ದೂಳು ತಿನ್ನುತ್ತ ಕೂತಿದ್ದವು.
ಗಿರಾಕಿ ಬರುವನು, ಗುಂಡಿ ತಿರುವುವನು,
ಪರದೆ ತುಂಬ ಬರೀ ಬಿಳಿ ಚುಕ್ಕಿ.
ಕಂಪನಿಯ ಪುಸ್ತಕದಲ್ಲಿ ಅದಕ್ಕೆ ಹಿಮ ಎಂದಿತ್ತು.
ದುರ್ಗದಲ್ಲಿ ಹಿಮ ಕಂಡವರು ಯಾರು?
‘ಇದೇನೋ ಪಾಲಯ್ಯ, ರಾಗಿ ಸುರೀತೈತೆ’ ಅಂದು
ಕರುವಿನಕಟ್ಟೆಯ ಗಿರಾಕಿ ಚಪ್ಪಲಿ ಮೆಟ್ಟಿದ.

ತಪ್ಪು ಸೆಟ್ಟಿನದಲ್ಲ, ಬೆಟ್ಟದ್ದು.
ಏಳು ಸುತ್ತು ಯಾವ ದಂಡನ್ನು ತಡೆದವೋ ಬಿಟ್ಟವೋ,
ಸಂಜೆಯ ವಾರ್ತೆಯನ್ನಂತೂ
ಬುರುಜನಹಟ್ಟಿಗೆ ಇಳಿಯಗೊಡಲಿಲ್ಲ.

ರದ್ದಿಯಲ್ಲಿ ಸಿಕ್ಕ ಪತ್ರಿಕೆ ಓದಿ
ಡ್ರಾಯಿಂಗ್ ಮೇಷ್ಟ್ರು ಹೇಳಿದ್ದು:
ಅಮೆರಿಕದಲ್ಲೂ ಒಂದು ಗುಡ್ಡದ ಊರಂತೆ,
ಕಲ್ಲಿದ್ದಲು ತೋಡುವವರ ಊರು.
ಅಲ್ಲೂ ಒಬ್ಬ ಅಂಗಡಿಯವ, ಬಿಕರಿಯಾಗದ ಸೆಟ್ಟು.
ಗುಡ್ಡದ ನೆತ್ತಿಗೆ ಕಂಬ ನೆಟ್ಟ, ತಂತಿ ಇಳಿಸಿದ,
ಮನೆಮನೆಗೂ ಹಂಚಿದ. ಕೇಬಲ್ಲು ಹುಟ್ಟಿದ್ದೇ ಹಾಗಂತೆ.
ಪಾಲಯ್ಯ ಎಲೆಗೆ ಸುಣ್ಣ ಸವರುತ್ತಿದ್ದ.
‘ಅವನಿಗೆ ಮಂಗಗಳ ಕಾಟ ಇತ್ತೇನು ಕೇಳ್ರಿ.’

ಬುಡೇನ್‌ಸಾಬ್ ಕೊಳವೆ ಬಗ್ಗಿಸಿ, ಕೋಳಿಬಲೆ ಹೊದಿಸಿ
ಹದಿನಾಲ್ಕು ಅಡಿಯ ಬುಟ್ಟಿ ಕಟ್ಟಿಕೊಟ್ಟ.
ನಾನು ಸೂರಿನ ಮೇಲೆ, ಪಾಲಯ್ಯ ಸೆಟ್ಟಿನ ಮುಂದೆ.
‘ಒಂದು ಬೆರಳು ಎಡಕ್ಕೆ... ಹೋಯ್ತು... ಬಂತು, ಬಂತು, ಉಸಿರು ಬಿಡಬೇಡ!’
ಆಕಾಶದಿಂದ ಮೊದಲು ಇಳಿದದ್ದು
ಹೋಟೆಲ್ಲಿನ ಒಡೆತನಕ್ಕೆ ಕಚ್ಚಾಡುವ ಬಿಳಿಯರ ಮನೆ.
ಅತ್ತೆ ಆಸ್ಪತ್ರೆಯಲ್ಲಿ, ಸೊಸೆಯ ಕೈಯಲ್ಲಿ ಕಾಗದಪತ್ರ.
ಒಂದಕ್ಷರ ಇಂಗ್ಲಿಷ್ ಬಾರದ ದ್ಯಾಮಕ್ಕ
ಮೂರನೇ ದಿನಕ್ಕೇ ಅಂದಳು,
‘ಆ ಕೆಂಪು ಲಂಗದೋಳು ಸರಿಯಿಲ್ಲ.’
ಸರಿಯಿರಲಿಲ್ಲ.

ಸಾಬೂನು ಮಾರುವವರು ದುಡ್ಡು ಕೊಟ್ಟು
ಹೆಣೆಸಿದ ಕತೆಗಳು ಇಂಥವು,
ಅದಕ್ಕೇ ಆ ದೇಶದಲ್ಲಿ ಕತೆಗೂ ಸೋಪೆಂದೇ ಹೆಸರು —
ಮೇಷ್ಟ್ರು ಇದನ್ನೂ ಹೇಳಿದರು.
ಬಟ್ಟೆಸೋಪನ್ನು ದಾರದಲ್ಲಿ ಎರಡು ಮಾಡುತ್ತಿದ್ದ ದ್ಯಾಮಕ್ಕ
ತಲೆ ಎತ್ತಲಿಲ್ಲ.
‘ಅಷ್ಟು ಅತ್ತೆ, ಒಂದು ಹಿಡಿ ನೊರೆ ಬರಲಿಲ್ಲವಲ್ಲಪ್ಪ.’

ಅಲ್ಲಿ ಕಾಸಿ, ಕೆನೆ ತೆಗೆದು, ಬೆಣ್ಣೆ ಮಾರಿ,
ಲಾಭ ಎಣಿಸಿದ ಮೇಲೆ
ಉಳಿದ ಮಜ್ಜಿಗೆ ನಮ್ಮ ಬುಟ್ಟಿಗೆ.
ಮಜ್ಜಿಗೆಗೂ ತಿಂಗಳಿಗೆ ಅರವತ್ತು ರೂಪಾಯಿ.
ವಸೂಲಿಗೆ ಹೋದವನು ನಾನು.
ಅರವತ್ತಕ್ಕೆ ಬದಲು ಒಮ್ಮೆ ಸೀತಾಫಲ ಸಿಕ್ಕಿತು,
ಒಮ್ಮೆ ನಾಯಿ.

ಸಾವಿರ ಚಿಲ್ಲರೆ ಮನೆಯಲ್ಲಿ ಪೆಟ್ಟಿಗೆಯಿಟ್ಟು
ದೇಶದ ಕಣ್ಣನ್ನೆಲ್ಲ ತೂಗುತ್ತಾರಂತೆ ಅವರು,
ತೂಕಕ್ಕೆ ತಕ್ಕ ಹಾಗೆ
ಕ್ಷಣಕ್ಷಣಕ್ಕೂ ಜಾಹೀರಾತಿನ ದರ.
ಅಂದರೆ ಮಾರುವ ಸರಕು ಕತೆಯಲ್ಲ, ದ್ಯಾಮಕ್ಕ.
ನಮ್ಮದು ನೋಟುಬುಕ್ಕಿನ ಲೆಕ್ಕ.
ಇದ್ದದ್ದು ಸಾವಿರದ ಎಂಬತ್ತು ಮನೆ,
ಚಾನೆಲ್ಲಿನವರಿಗೆ ಬರೆದುಕೊಟ್ಟದ್ದು ಮುನ್ನೂರು.
ಏಳುನೂರ ಎಂಬತ್ತು ಮನೆಯ ಕಣ್ಣು
ಪಾಲಯ್ಯನ ಅಂಗಿಜೇಬಿನಲ್ಲಿ ಬೆಚ್ಚಗಿತ್ತು.

ಆಮೇಲೆ ಒಂದು ಕಂಪನಿ, ಅದನ್ನು ನುಂಗಿದ್ದು ಇನ್ನೊಂದು,
ಅದರ ಹಿಂದಿನ ಹೆಸರನ್ನು
ನಾವು ಸರಿಯಾಗಿ ಉಚ್ಚರಿಸಲು ಕಲಿಯುವಷ್ಟರಲ್ಲಿ
ಅದೂ ಬದಲಾಯಿತು.
ಮನೆಮನೆಗೆ ಪೆಟ್ಟಿಗೆ ಬಂತು. ನೋಟುಬುಕ್ಕು ಒಲೆಗೆ ಹೋಯಿತು.
ಕಂಬ ಹತ್ತಿ ನಾನೇ ಕಟ್ಟಿದ ತಂತಿ ನಾನೇ ಕತ್ತರಿಸಿದೆ.
ಗುಜರಿಯವ ಸುಲಿದು ನೋಡಿ ನಕ್ಕ:
ಮೇಲೆ ತಾಮ್ರದ ನೀರು, ಒಳಗೆ ಕಬ್ಬಿಣ.
ಇಪ್ಪತ್ತು ವರ್ಷ ಗೊತ್ತೇ ಇರಲಿಲ್ಲ.
ಬುಡೇನ್‌ಸಾಬನ ಬುಟ್ಟಿ ಈಗ ಹಿತ್ತಲಲ್ಲಿ ಬೋರಲು,
ಅದರ ಕೆಳಗೆ ಕೋಳಿ.

ನಿನ್ನೆ ದ್ಯಾಮಕ್ಕ ಫೋನು ಮಾಡಿದ್ದಳು.
ಮೋಡ ಕವಿದು ಪರದೆ ಪೂರ ನೀಲಿ,
ನಡುವೆ ಏನೋ ಇಂಗ್ಲಿಷಿನ ಎರಡು ಪದ.
ನಾನೀಗ ಕೇಬಲ್ಲಿನವನಲ್ಲ ಅಂದೆ.
‘ಗೊತ್ತೈತೆ ಬಿಡು.
ಆಗ ರಾಗಿನಾದ್ರೂ ಬೀಳ್ತಿತ್ತು.’